ಗಾಜು ಒಡೆದ ಗ್ರಿಫಿತ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ದೊಡ್ಡಪ್ಪನ ಮಗಳು ನಮ್ಮ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ಗೆ ಬಂದಿದ್ದಳು. ನನಗೆ ಅಕ್ಕ ಆಗ್ಬೇಕು, ದಾವಣಗೆರೆಯಲ್ಲೇ ಎಂಡಿಎಸ್ ಓದ್ತಿದ್ದಾಳೆ. ಕೈಯಲ್ಲಿ ಒಂದು ಮಾತ್ರೆ ಡಬ್ಬಿ. ಅದರೊಳಗೆ ಹತ್ತಿ ಹಾಸಿ ಇಟ್ಟಿದ್ದ 30 ಬಿಳಿ ಬಿಲ್ಲೆಗಳು, ನೋಡೋಕೆ ಪೆಪ್ಪರ್‌ಮಿಂಟ್ ಥರ. ಜಿರ್ಕೋನಿಯಾ ಜೊತೆ ಅಲ್ಯುಮಿನಾ ಬೆರೆಸಿ ಸುಟ್ಟ ಸೆರಾಮಿಕ್ ಕಾಂಪೊಸಿಟ್ ಅದು. ಹಲ್ಲು ಹೋದ ಜಾಗದಲ್ಲಿ ದವಡೆ ಮೂಳೆಗೆ ಕೂರಿಸೋ ಇಂಪ್ಲಾಂಟ್‌ಗೆ ಟೈಟಾನಿಯಂ ಬದಲು ಇಂಥದ್ದನ್ನ ಬಳಸಬಹುದಾ ಅನ್ನೋದು ಅವಳ ಥೀಸಿಸ್‌ನ ಪ್ರಶ್ನೆ.

ಟೆಸ್ಟ್ ಕೇಳೋಕೆ ಸುಲಭ. ಕೆಳಗೆ ತ್ರಿಕೋನದ ಹಾಗೆ ಮೂರು ಉಕ್ಕಿನ ಗುಂಡು, ಅದರ ಮೇಲೆ ಬಿಲ್ಲೆ, ಬಿಲ್ಲೆಯ ನಡುವೆ ಮೇಲಿಂದ ಒಂದು ಸಣ್ಣ ಪಿಸ್ಟನ್. ಯುಟಿಎಂ ನಿಧಾನಕ್ಕೆ ಒತ್ತುತ್ತೆ, ಟಪ್ ಅಂತ ಒಡೆಯುತ್ತೆ, ನಂಬರ್ ಬರ್ಕೋಬೇಕು. ನಾನು ಬರ್ಕೊಳ್ಳೋ ಕೆಲಸಕ್ಕೆ ಕೂತಿದ್ದೆ. ಒಂದೇ ಪುಡಿ, ಒಂದೇ ಫರ್ನೇಸ್, ಒಂದೇ ಅಳತೆಯ ಬಿಲ್ಲೆಗಳು. ಆದ್ರೂ ಒಂದು ತಡೆದ ಭಾರದ ಅರ್ಧಕ್ಕೇ ಇನ್ನೊಂದು ಒಡೆದು ಹೋಗ್ತಿತ್ತು. ಮೊದಲು ಲೋಡ್ ಸೆಲ್ ಮೇಲೆ ಡೌಟ್ ಬಂತು, ಆಮೇಲೆ ಗುಂಡುಗಳ ಮೇಲೆ, ಕೊನೆಗೆ ನನ್ನ ಹ್ಯಾಂಡ್‌ರೈಟಿಂಗ್ ಮೇಲೆ. ಅಕ್ಕನ ಮುಖ ಸಣ್ಣದಾಯ್ತು. ಅಲ್ಲಿದ್ದ ಯಾರೋ, ತೀರಾ ಕಡಿಮೆ ಬಂದ ಮೂರ್ನಾಲ್ಕು ರೀಡಿಂಗ್ ಬಿಟ್ಟುಬಿಡಿ, ಆವರೇಜ್ ಚೆನ್ನಾಗಿ ಕಾಣುತ್ತೆ ಅಂದ್ರು. ನಮ್ಮ ಲ್ಯಾಬ್ ಸರ್ ಮಾತ್ರ ಏನೂ ಬಿಡಬೇಡಿ, ಮೊದಲು ಗ್ರಿಫಿತ್ ಓದ್ಕೊಂಡು ಬನ್ನಿ ಅಂತ ಕಳಿಸಿಬಿಟ್ರು.

ನನಗೆ ಗ್ರಿಫಿತ್ ಅಂದ್ರೆ ಪುಸ್ತಕದಲ್ಲಿರೋ ಒಂದು ಸ್ಕ್ವೇರ್ ರೂಟ್ ಫಾರ್ಮುಲಾ, ಅಷ್ಟೇ. ಓದ್ತಾ ಹೋದಂಗೆ ಫಾರ್ಮುಲಾಗಿಂತ ಮನುಷ್ಯನೇ ಜಾಸ್ತಿ ಹಿಡಿಸಿದರು.

ಅಲನ್ ಆರ್ನಲ್ಡ್ ಗ್ರಿಫಿತ್ ಹುಟ್ಟಿದ್ದು 1893ರ ಜೂನ್ 13ರಂದು, ಲಂಡನ್‌ನಲ್ಲಿ. ಅವರ ತಂದೆ ಜಾರ್ಜ್ ಗ್ರಿಫಿತ್ ಆ ಕಾಲಕ್ಕೆ ಹೆಸರು ಮಾಡಿದ್ದ ಕತೆಗಾರ. ವಿಮಾನವೇ ಇಲ್ಲದ ಕಾಲದಲ್ಲಿ ಆಕಾಶದಲ್ಲಿ ಹಾರೋ ಹಡಗುಗಳ ಯುದ್ಧದ ಕಾದಂಬರಿ ಬರೆದು, ಅದೇ 1893ರಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಇಂಗ್ಲೆಂಡ್‌ನವರಿಗೆಲ್ಲ ಹುಚ್ಚು ಹಿಡಿಸಿದ್ದರು. ಮರುವರ್ಷ 65 ದಿನದಲ್ಲಿ ಭೂಮಿ ಸುತ್ತಿ ಬಂದರು. ಆದರೆ ಬಾಳಿದ್ದು ಕಡಿಮೆ. 1906ರಲ್ಲಿ ಐಲ್ ಆಫ್ ಮ್ಯಾನ್ ಅನ್ನೋ ದ್ವೀಪದಲ್ಲಿ ತೀರಿಕೊಂಡರು. ಮಗನಿಗೆ ಆಗ 13 ತುಂಬೋಕೆ ಕೆಲವೇ ದಿನ ಬಾಕಿ. ಅಪ್ಪ ಕಲ್ಪನೆಯಲ್ಲಿ ಹಾರಿಸಿದ್ದನ್ನ ಮಗ ಮುಂದೆ ಲೆಕ್ಕದಲ್ಲಿ ಹಾರಿಸಿದರು ಅಂತ ಬರೆಯೋಕೆ ಆಸೆ ಆಗುತ್ತೆ, ಆದರೆ ಅಪ್ಪನ ಕತೆಗಳನ್ನ ಮಗ ಓದುತ್ತಿದ್ದರಾ ಅನ್ನೋದು ನಾನು ಓದಿದ ಯಾವುದರಲ್ಲೂ ಸಿಗಲಿಲ್ಲ.

ಸ್ಕಾಲರ್‌ಶಿಪ್ ಸಿಕ್ಕಿ 1911ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯ ಸೇರಿದರು. 1914ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಡಿಗ್ರಿ, ಫಸ್ಟ್ ಕ್ಲಾಸ್. ಅಂದ್ರೆ ನಮ್ಮ ಬ್ರಾಂಚಿನವರೇ! ಅದೇ ವರ್ಷ ಮೊದಲ ಮಹಾಯುದ್ಧ ಶುರು. 1915ರಲ್ಲಿ ಫಾರ್ನ್‌ಬರೋ ಊರಿನ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ ಸೇರಿದರು. 1918ರಲ್ಲಿ ಇದರ ಹೆಸರು ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಅಂತ ಆಯ್ತು. ಈ ಊರಿನ ಹೆಸರು ನೆನಪಿಡಿ, ಮತ್ತೆ ಬರುತ್ತೆ.

ಅಲ್ಲಿ ಅವರಿಗೆ ಜೊತೆ ಸಿಕ್ಕವರು ಜಿ.ಐ. ಟೇಲರ್. ಹೌದು, ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬರೋ ಅದೇ ಟೇಲರ್. ವಿಮಾನದ ಭಾಗಗಳನ್ನ ತಿರುಚಿದಾಗ ಒಳಗೆ ಎಲ್ಲಿ ಎಷ್ಟು ಸ್ಟ್ರೆಸ್ ಬರುತ್ತೆ ಅಂತ ಕಂಡುಹಿಡಿಯಬೇಕಿತ್ತು. ದುಂಡನೆ ಶಾಫ್ಟ್ ಆದ್ರೆ ನಮಗೂ ಬರುತ್ತೆ. ವಿಮಾನದ ರೆಕ್ಕೆಯ ಹಾಗೆ ಅಡ್ಡಾದಿಡ್ಡಿ ಆಕಾರ ಆದ್ರೆ ಈಕ್ವೇಶನ್ ಬಗ್ಗೋದೇ ಇಲ್ಲ. ಕಂಪ್ಯೂಟರ್ ಇಲ್ಲ, ಆನ್ಸಿಸ್ ಇಲ್ಲ. ಇಬ್ಬರೂ ಸೇರಿ ಸೋಪಿನ ನೀರು ತಗೊಂಡರು. ಲೋಹದ ತಗಡಿನಲ್ಲಿ ಆ ಭಾಗದ ಅಡ್ಡಕೊಯ್ತದ ಆಕಾರಕ್ಕೇ ತೂತು ಕೊರೆದು, ತೂತಿನ ಮೇಲೆ ಸೋಪಿನ ಪೊರೆ ಎಳೆದು, ಒಂದು ಕಡೆಯಿಂದ ಸ್ವಲ್ಪ ಗಾಳಿಯ ಒತ್ತಡ ಕೊಟ್ಟರು. ಪೊರೆ ಉಬ್ಬುತ್ತೆ. ಉಬ್ಬಿದ ಪೊರೆಯ ಇಳಿಜಾರು ಎಲ್ಲಿ ಕಡಿದಾಗಿದೆಯೋ ಅಲ್ಲಿ ಶಿಯರ್ ಸ್ಟ್ರೆಸ್ ಜಾಸ್ತಿ. ಉಬ್ಬಿನ ಒಳಗಿನ ಘನ ಅಳತೆ ಎಷ್ಟೋ, ಅದು ತಡೆಯೋ ಟಾರ್ಕ್ ಅಷ್ಟು. ಎರಡಕ್ಕೂ ಈಕ್ವೇಶನ್ ಒಂದೇ ಅನ್ನೋದನ್ನ ಜರ್ಮನಿಯ ಪ್ರಾಂಟ್ಲ್ 1903ರಲ್ಲೇ ತೋರಿಸಿದ್ದರು. ಇವರು ಅದನ್ನ ವರ್ಕ್‌ಶಾಪಿನ ಕೆಲಸಕ್ಕೆ ತಂದರು. 1917ರಲ್ಲಿ ಪ್ರಬಂಧ ಬಂತು, ಚಿನ್ನದ ಪದಕ ಬಂತು, ಜೊತೆಗೆ ಗ್ರಿಫಿತ್‌ಗೆ ಸೋಪ್ ಬಬಲ್ ಅನ್ನೋ ಅಡ್ಡಹೆಸರೂ ಬಂತು. ನಮ್ಮ ಹಾಸ್ಟೆಲ್ ಆಗಿದ್ರೂ ಅದೇ ಇಡ್ತಿದ್ವಿ.

ಆ ಕೆಲಸದಲ್ಲೇ ಅವರಿಗೆ ಒಂದು ಮುಳ್ಳು ಚುಚ್ಚಿತು. ಲೋಹದ ಭಾಗಗಳ ಮೇಲೆ ಟೂಲ್ ಬಿಟ್ಟ ಗೀರು ಇದ್ದರೆ ಅವು ಬೇಗ ಮುರೀತಾವೆ ಅಂತ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕೇಂಬ್ರಿಡ್ಜ್‌ನ ಇಂಗ್ಲಿಸ್ 1913ರಲ್ಲಿ ಇದಕ್ಕೆ ಗಣಿತ ಕೊಟ್ಟಿದ್ದರು. ಮೊಟ್ಟೆ ಆಕಾರದ ತೂತಿನ ತುದಿ ಎಷ್ಟು ಚೂಪೋ ಅಲ್ಲಿ ಸ್ಟ್ರೆಸ್ ಅಷ್ಟು ಪಟ್ಟು ಏರುತ್ತೆ ಅಂತ. ಆದರೆ ಆ ಲೆಕ್ಕದಲ್ಲಿ ಆಕಾರಕ್ಕೆ ಮಾತ್ರ ಬೆಲೆ, ಗಾತ್ರಕ್ಕೆ ಬೆಲೆ ಇಲ್ಲ. ಕೂದಲೆಳೆ ಗೀರೂ ಒಂದೇ, ಒಂದಿಂಚು ಗೀರೂ ಒಂದೇ. ಹಂಗೆ ಇರೋಕೆ ಸಾಧ್ಯವಾ? ಶಾಂಪೂ ಪ್ಯಾಕೆಟ್‌ನ ಅಂಚಿನ ಕಚ್ಚು ಸಣ್ಣದಿದ್ರೆ ನಾವು ಹಲ್ಲಲ್ಲಿ ಕಚ್ಚಿ ಎಳೀಬೇಕಾಗುತ್ತೆ, ದೊಡ್ಡದಿದ್ರೆ ಬೆರಳಲ್ಲೇ ಹರಿಯುತ್ತೆ. ಗಣಿತ ಒಂದು ಹೇಳುತ್ತೆ, ಕೈ ಇನ್ನೊಂದು ಹೇಳುತ್ತೆ. ಗ್ರಿಫಿತ್ ಕೈಯ ಮಾತನ್ನ ನಂಬಿದರು.

ಪ್ರಯೋಗಕ್ಕೆ ಅವರು ಆರಿಸಿದ್ದು ಗಾಜು. ವಿಮಾನದ ಕಾರ್ಖಾನೆಯಲ್ಲಿ ಕೂತು ಗಾಜು ಒಡೆಯೋದು ಅಂದ್ರೆ ಮೇಲಿನವರಿಗೆ ಹೇಗೆ ಅನ್ನಿಸಿರಬೇಡ! ಆದರೆ ಕಾರಣ ಗಟ್ಟಿಯಾಗಿತ್ತು. ಲೋಹ ಮುರಿಯೋ ಮುಂಚೆ ಬಗ್ಗುತ್ತೆ, ಎಳೆಯುತ್ತೆ, ಲೆಕ್ಕ ಕಲಸಿ ಹೋಗುತ್ತೆ. ಗಾಜು ಬಗ್ಗಲ್ಲ, ನೇರ ಒಡೆಯುತ್ತೆ.

ಅವರ ಯೋಚನೆ ಸ್ಟ್ರೆಸ್ ಬಿಟ್ಟು ಎನರ್ಜಿ ಕಡೆ ತಿರುಗಿತು. ಇದನ್ನ ನಾನು ನಮ್ಮೂರಿನ ವ್ಯಾಪಾರದ ಭಾಷೆಯಲ್ಲಿ ಅರ್ಥ ಮಾಡ್ಕೊಂಡೆ. ಬಿರುಕು ಮುಂದೆ ಹೋಗ್ಬೇಕಂದ್ರೆ ಎರಡು ಹೊಸ ಮೇಲ್ಮೈ ಹುಟ್ಟಬೇಕು, ಅದಕ್ಕೆ ಎನರ್ಜಿ ಖರ್ಚು. ಆ ಎನರ್ಜಿ ಎಲ್ಲಿಂದ ಬರುತ್ತೆ? ಎಳೆದು ಬಿಗಿಯಾಗಿದ್ದ ಗಾಜು ಬಿರುಕಿನ ಅಕ್ಕಪಕ್ಕ ಸಡಿಲ ಆಗುತ್ತಲ್ಲ, ಅಲ್ಲಿ ಬಿಡುಗಡೆಯಾದ ಎನರ್ಜಿ ಆದಾಯ. ಖರ್ಚು ಬಿರುಕಿನ ಉದ್ದಕ್ಕೆ ತಕ್ಕಂತೆ ಏರುತ್ತೆ, ಆದಾಯ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತೆ. ಅಂದ್ರೆ ಸಣ್ಣ ಬಿರುಕಿಗೆ ಮುಂದೆ ಹೋಗೋದು ಲಾಸ್, ಅದಕ್ಕೆ ಅದು ಸುಮ್ನೆ ಕೂತಿರುತ್ತೆ. ಒಂದು ಉದ್ದ ದಾಟಿತು ಅಂದ್ರೆ ಪ್ರತಿ ಹೆಜ್ಜೆಯೂ ಲಾಭ, ಆಮೇಲೆ ಅದನ್ನ ಹಿಡಿಯೋರು ಯಾರೂ ಇಲ್ಲ. ಲೆಕ್ಕ ಬಿಡಿಸಿದರೆ, ಒಡೆಯುವ ಸ್ಟ್ರೆಸ್ ಬಿರುಕಿನ ಉದ್ದದ ವರ್ಗಮೂಲಕ್ಕೆ ವಿಲೋಮ. ಬಿರುಕು ನಾಲ್ಕು ಪಟ್ಟು ಉದ್ದವಾದ್ರೆ ತಾಕತ್ತು ಅರ್ಧ.

ಇದನ್ನ ತೋರಿಸೋಕೆ ತೆಳುವಾದ ಗಾಜಿನ ಬುರುಡೆ, ಗಾಜಿನ ಕೊಳವೆ ತಗೊಂಡು ಅದರ ಮೇಲೆ ಬೇರೆ ಬೇರೆ ಉದ್ದದ ಬಿರುಕು ತಾವೇ ಮಾಡಿದರು. ಬಿರುಕು ಮಾಡುವಾಗ ಒಳಗೆ ಉಳಿದ ಸ್ಟ್ರೆಸ್ ಹೋಗಲಿ ಅಂತ ಬಿಸಿ ಮಾಡಿ ನಿಧಾನವಾಗಿ ಆರಿಸಿದರು. ಆಮೇಲೆ ಒಳಗಿಂದ ಒತ್ತಡ ಏರಿಸಿ ಒಡೆದರು. ಒಡೆದ ಸ್ಟ್ರೆಸ್ಸನ್ನ ಬಿರುಕಿನ ಉದ್ದದ ವರ್ಗಮೂಲದಿಂದ ಗುಣಿಸಿದರೆ ಪ್ರತಿ ಸಲವೂ ಹತ್ತಿರ ಹತ್ತಿರ ಒಂದೇ ಸಂಖ್ಯೆ. ಹೊಸ ಮೇಲ್ಮೈಯ ಖರ್ಚು ಎಷ್ಟು ಅನ್ನೋದಕ್ಕೆ ಗಟ್ಟಿ ಗಾಜಿನಲ್ಲಿ ಅಳೆಯೋ ದಾರಿ ಇರಲಿಲ್ಲ. ಕಾದು ಮೆತ್ತಗಾದ ಗಾಜಿನ ಸರ್ಫೇಸ್ ಟೆನ್ಶನ್ ಅಳೆದು, ಗ್ರಾಫ್ ಎಳೆದು ರೂಮ್ ಟೆಂಪರೇಚರ್‌ವರೆಗೆ ತಂದರು. ದಾವಣಗೆರೆಯಲ್ಲಿ ಫೋಟೋಗೆ ಫ್ರೇಮ್ ಹಾಕೋ ಅಂಗಡಿಯಲ್ಲಿ ನಿಂತು ನೋಡಿ. ಗಾಜಿನ ಮೇಲೆ ಡೈಮಂಡ್ ಕಟ್ಟರ್‌ನಿಂದ ಒಂದು ಗೀರು ಎಳೀತಾರೆ, ಅಂಚಿಗೆ ಇಟ್ಟು ಸಣ್ಣಗೆ ಒತ್ತುತಾರೆ, ಗೀರಿದ ಕಡೆಗೇ ಸೀಳುತ್ತೆ. ಗೀರು ಕಾಣಿಸದಷ್ಟು ಸಣ್ಣದು, ಒತ್ತೋದೂ ಎರಡು ಬೆರಳಿನಲ್ಲಿ. ಗ್ರಿಫಿತ್ ಹೇಳಿದ್ದೆಲ್ಲ ಆ ಅಂಗಡಿಯವರ ಕೈಯಲ್ಲಿ ದಿನಾ ನಡೀತಿದೆ.

ಆಮೇಲೆ ಬಂತು ನಿಜವಾದ ಪ್ರಶ್ನೆ. ಗೀರು ಎಳೆಯದ ಗಾಜು ಯಾಕೆ ಒಡೆಯುತ್ತೆ? ಪರಮಾಣುಗಳ ಹಿಡಿತದ ಲೆಕ್ಕ ಹಾಕಿದರೆ ಗಾಜು ಈಗ ಇರೋದಕ್ಕಿಂತ ಹತ್ತಾರು ಪಟ್ಟು ಗಟ್ಟಿ ಇರಬೇಕಿತ್ತು. ಹಾಗಾದರೆ ಕಣ್ಣಿಗೆ ಕಾಣದ ಬಿರುಕುಗಳು ಎಲ್ಲ ಗಾಜಿನಲ್ಲೂ ಮೊದಲಿಂದಲೇ ಇವೆ ಅಂದರು ಗ್ರಿಫಿತ್. ಇದನ್ನ ಪರೀಕ್ಷೆ ಮಾಡೋಕೆ ಗಾಜನ್ನ ಕಾಯಿಸಿ ದಾರದ ಹಾಗೆ ಎಳೆದರು. ಸುಮಾರು ಒಂದು ಮಿಲಿಮೀಟರ್ ದಪ್ಪದ ಕಡ್ಡಿ 170 ಮೆಗಾಪಾಸ್ಕಲ್ ಹತ್ತಿರ ಮುರಿಯಿತು. ಎಳೆ ಸಣ್ಣದಾದಷ್ಟೂ ಗಟ್ಟಿಯಾಗ್ತಾ ಹೋಯ್ತು. 3.3 ಮೈಕ್ರಾನ್ ದಪ್ಪದ ಎಳೆ ತಡೆದದ್ದು 3,400 ಮೆಗಾಪಾಸ್ಕಲ್‌ನಷ್ಟು. ಅದೇ ಗಾಜು, 20 ಪಟ್ಟು ತಾಕತ್ತು! ತೆಳು ಎಳೆಯಲ್ಲಿ ದೊಡ್ಡ ಬಿರುಕಿಗೆ ಇರೋಕೆ ಜಾಗವೇ ಇಲ್ಲ. ಇನ್ನೊಂದು ವಿಷಯವನ್ನೂ ಗಮನಿಸಿದರು. ಆಗ ತಾನೇ ಎಳೆದ ಎಳೆ ತುಂಬಾ ಗಟ್ಟಿ, ಕೆಲವು ಗಂಟೆ ಬಿಟ್ಟರೆ ತಾಕತ್ತು ಇಳಿದುಹೋಗುತ್ತೆ. ಈಗ ನಮಗೆ ಗೊತ್ತು, ಬಿರುಕಿನ ತುದಿಗೆ ಗಾಳಿಯ ತೇವ ತಾಗಿದರೂ ಗಾಜಿನಲ್ಲಿ ಅದು ಮೆಲ್ಲಗೆ ಬೆಳೆಯುತ್ತೆ. ಬಾಯಿ ಅಂದ್ರೆ ಇಡೀ ದಿನ ಒದ್ದೆ ಇರೋ ಜಾಗ ಅನ್ನೋದನ್ನ ಇಲ್ಲಿ ಒಂದು ಸಲ ನೆನಪು ಮಾಡ್ಕೊಳ್ಳಿ.

ಪ್ರಬಂಧವನ್ನ 1920ರಲ್ಲಿ ರಾಯಲ್ ಸೊಸೈಟಿಗೆ ಕೊಟ್ಟರು, 1921ರಲ್ಲಿ ಅಚ್ಚಾಯಿತು. ವಯಸ್ಸು 28 ಇರಬೇಕು. ಅದರ ಒಂದು ಲೆಕ್ಕದಲ್ಲಿ ತಪ್ಪಿತ್ತು. ಅದನ್ನ ಅವರೇ ಹಿಡಿದು, 1924ರ ಇನ್ನೊಂದು ಪ್ರಬಂಧದಲ್ಲಿ ಸರಿಪಡಿಸಿದರು. ತಪ್ಪು ಸಿಕ್ಕಿದ ಮೇಲೂ ಮುಖ್ಯ ಮಾತು ನಿಂತಿತು.

ಆಮೇಲೆ ಏನಾಯ್ತು ಅಂತೀರಾ? ಏನೂ ಆಗಲಿಲ್ಲ. ಇಂಜಿನಿಯರ್‌ಗಳಿಗೆ ಇದು ಗಾಜಿನ ವಿಷಯ, ಫಿಸಿಕ್ಸ್‌ನವರಿಗೆ ಇದು ಕಾರ್ಖಾನೆಯ ವಿಷಯ. ಜೆ.ಇ. ಗಾರ್ಡನ್ ಅನ್ನೋ ಮೆಟೀರಿಯಲ್ ವಿಜ್ಞಾನಿ ಒಂದು ಕತೆ ಹೇಳ್ತಾರೆ. ಗ್ರಿಫಿತ್ ಜೊತೆ ಕೆಲಸ ಮಾಡ್ತಿದ್ದ ಲಾಕ್‌ಸ್ಪೈಸರ್ ಒಂದು ಸಂಜೆ ಗಾಜು ಕರಗಿಸೋ ಗ್ಯಾಸ್ ಬರ್ನರ್ ಆಫ್ ಮಾಡೋಕೆ ಮರೆತರಂತೆ. ಬೆಂಕಿ ಬಿತ್ತು, ವಿಚಾರಣೆ ಆಯ್ತು, ಗಾಜಿನ ಆಟ ಸಾಕು ಅಂತ ಆರ್ಡರ್ ಬಂತು. ಗ್ರಿಫಿತ್ ಇಂಜಿನ್ ಕಡೆ ಹೋದರು. ಬರ್ನರ್ ಮರೆತ ಲಾಕ್‌ಸ್ಪೈಸರ್ ಮುಂದೆ ಸರ್ ಬೆನ್ ಲಾಕ್‌ಸ್ಪೈಸರ್ ಆಗಿ, ಸರ್ನ್ ಸಂಸ್ಥೆಯ ಕೌನ್ಸಿಲ್‌ಗೆ ಮೊದಲ ಅಧ್ಯಕ್ಷರಾದರು. ಲ್ಯಾಬ್‌ನಲ್ಲಿ ಬೈಸ್ಕೊಂಡವರಿಗೆಲ್ಲ ಇದು ಸಮಾಧಾನದ ಸುದ್ದಿ.

ಇಂಜಿನ್ ಕಡೆ ಹೋದ ಗ್ರಿಫಿತ್ ಸುಮ್ಮನೆ ಕೂರಲಿಲ್ಲ. 1926ರಲ್ಲಿ ಬರೆದ ವರದಿಯಲ್ಲಿ ಟರ್ಬೈನ್‌ನ ಪ್ರತಿ ಬ್ಲೇಡನ್ನೂ ಸಣ್ಣ ರೆಕ್ಕೆ ಅಂತ ಲೆಕ್ಕ ಹಾಕಬೇಕು ಅಂದರು. ಅಲ್ಲಿಯವರೆಗೆ ಬ್ಲೇಡ್‌ಗಳ ಆಕಾರ ಸರಿ ಇಲ್ಲದೆ ಗಾಳಿ ಅವುಗಳ ಮೇಲೆ ಸರಿಯಾಗಿ ಹರಿಯುತ್ತಿರಲಿಲ್ಲ, ಅದಕ್ಕೇ ಗ್ಯಾಸ್ ಟರ್ಬೈನ್ ಕೆಲಸಕ್ಕೆ ಬರಲ್ಲ ಅನ್ನೋ ಹೆಸರು ಬಂದಿತ್ತು. ಸರಿಯಾದ ಬ್ಲೇಡ್ ಮಾಡಿದರೆ ಅದರಿಂದ ವಿಮಾನದ ಪ್ರೊಪೆಲ್ಲರ್ ತಿರುಗಿಸಬಹುದು ಅನ್ನೋದು ಅವರ ವಾದ. ಇವತ್ತಿನ ಆಕ್ಸಿಯಲ್ ಕಂಪ್ರೆಸರ್‌ನ ಬುಡ ಅಲ್ಲಿದೆ.

ಈಗ ನನಗೆ ಇಷ್ಟವಿಲ್ಲದ ಅಧ್ಯಾಯ. 1929ರಲ್ಲಿ ಫ್ರಾಂಕ್ ವಿಟಲ್ ಅನ್ನೋ 22 ವರ್ಷದ ವಾಯುಪಡೆ ಹುಡುಗ ಜೆಟ್ ಇಂಜಿನ್‌ನ ಐಡಿಯಾ ಹಿಡ್ಕೊಂಡು ಬಂದ. ಪ್ರೊಪೆಲ್ಲರ್ ಬೇಡ, ಬಿಸಿ ಗಾಳಿ ಹಿಂದಕ್ಕೆ ಉಗುಳಿದರೆ ಸಾಕು ಅಂತ. ವಾಯು ಸಚಿವಾಲಯ ಅವನನ್ನ ಕಳಿಸಿದ್ದು ಈ ವಿಷಯ ಚೆನ್ನಾಗಿ ಗೊತ್ತಿದ್ದ ಗ್ರಿಫಿತ್ ಹತ್ತಿರ. ಗ್ರಿಫಿತ್ ಅವನ ಲೆಕ್ಕದಲ್ಲಿ ಒಂದು ತಪ್ಪು ಹಿಡಿದರು, ಎಫಿಶಿಯನ್ಸಿಯ ಅಂದಾಜು ಜಾಸ್ತಿಯಾಯ್ತು, ಇದು ಆಗದ ಕೆಲಸ ಅಂದರು. ತಪ್ಪು ಇದ್ದದ್ದು ನಿಜ. ಐಡಿಯಾ ಸರಿ ಇದ್ದದ್ದೂ ನಿಜ. ಸಚಿವಾಲಯ ಕೈ ಬಿಟ್ಟಿತು. ವಿಟಲ್ 1930ರ ಜನವರಿಯಲ್ಲಿ ತಾನೇ ಪೇಟೆಂಟ್ ಹಾಕಿದ, 1935ರಲ್ಲಿ ಅದನ್ನ ರಿನ್ಯೂ ಮಾಡೋಕೆ 5 ಪೌಂಡ್ ಕಟ್ಟಲಾಗದೆ ಬಿಟ್ಟುಬಿಟ್ಟ. ಅವನ ಇಂಜಿನ್ ಮೊದಲ ಸಲ ತಿರುಗಿದ್ದು 1937ರ ಏಪ್ರಿಲ್ 12ಕ್ಕೆ. ಅಷ್ಟರಲ್ಲಿ ಜರ್ಮನಿ ಹಿಂದೆಯೇ ಓಡಿ ಬರ್ತಿತ್ತು. 1939ರ ಆಗಸ್ಟ್ 27ರಂದು ಮೊದಲ ಜೆಟ್ ವಿಮಾನ ಹಾರಿಸಿದ್ದು ಅವರೇ. ಬ್ರಿಟನ್‌ನದು ಹಾರಿದ್ದು 1941ರ ಮೇ 15ಕ್ಕೆ. ಗ್ರಿಫಿತ್ ಅವತ್ತು ಬೇರೆ ಮಾತು ಹೇಳಿದ್ದರೆ ಅಂತ ಇಂಗ್ಲೆಂಡ್‌ನವರು ಇವತ್ತಿಗೂ ವಾದ ಮಾಡ್ತಾರೆ. ತನ್ನದೇ ಪ್ರಬಂಧದಲ್ಲಿ ತಪ್ಪು ಹಿಡಿದು ತಿದ್ದಿ ಮುಂದೆ ಹೋದ ಮನುಷ್ಯ, ಆ ಹುಡುಗನ ತಪ್ಪನ್ನ ತಿದ್ದಿ ಕೊಟ್ಟು ಮುಂದೆ ಕಳಿಸಬಹುದಿತ್ತು ಅನ್ನೋದು ನನ್ನ ತಕರಾರು. ಅವರಿಗೆ ತಮ್ಮ ಆಕ್ಸಿಯಲ್ ಇಂಜಿನ್ ಮೇಲೆ ಮೋಹ ಇತ್ತು ಅನ್ಸುತ್ತೆ, ವಿಟಲ್‌ದು ಒರಟು ಸೆಂಟ್ರಿಫ್ಯೂಗಲ್. ಕೊನೆಗೆ ಗೆದ್ದದ್ದು ಇಬ್ಬರೂ. ಮೊದಲು ಹಾರಿದ್ದು ವಿಟಲ್ ದಾರಿಯದು, ಇವತ್ತು ದೊಡ್ಡ ವಿಮಾನಗಳಲ್ಲಿ ಇರೋದು ಗ್ರಿಫಿತ್ ದಾರಿಯದು.

1939ರಲ್ಲಿ ಅವರು ರೋಲ್ಸ್ ರಾಯ್ಸ್ ಸೇರಿದರು. ಅಲ್ಲಿ ಅವರ ಕೆಲಸ ಮುಖ್ಯವಾಗಿ ಯೋಚನೆ ಮಾಡೋದು. ಮೊದಲು ಹಾಕಿದ ಡಿಸೈನ್ ಒಂದು ಎಷ್ಟು ಜಟಿಲ ಅಂದ್ರೆ ಕೊನೆಗೂ ಸರಿಯಾಗಿ ಓಡಲಿಲ್ಲ. ಆಮೇಲಿನ ಆಕ್ಸಿಯಲ್ ಇಂಜಿನ್ ಮಾತ್ರ ಏವನ್ ಅನ್ನೋ ಹೆಸರಲ್ಲಿ ದೊಡ್ಡ ಹೆಸರು ಮಾಡಿತು. ನಮ್ಮ ವಾಯುಪಡೆ 1971ರ ಯುದ್ಧದಲ್ಲಿ ಹಾರಿಸಿದ ಹಂಟರ್ ಮತ್ತು ಕ್ಯಾನ್‌ಬೆರಾ ವಿಮಾನಗಳಲ್ಲಿ ಇದ್ದದ್ದು ಅದೇ ಏವನ್. 1954ರಲ್ಲಿ ರೆಕ್ಕೆಯೇ ಇಲ್ಲದೆ, ಎರಡು ಜೆಟ್ ಇಂಜಿನ್‌ನ ಬಲದಿಂದ ನೆಲದಿಂದ ನೆಟ್ಟಗೆ ಏರೋ ಒಂದು ಕಬ್ಬಿಣದ ಚೌಕಟ್ಟು ಹಾರಿತು. ಜನ ಅದನ್ನ ಹಾರೋ ಮಂಚ ಅಂತ ಕರೆದರು. ಅದರ ಹಿಂದೆಯೂ ಗ್ರಿಫಿತ್ ತಲೆ ಇತ್ತು. ಅಪ್ಪನ ಕಾದಂಬರಿ ನೆನಪಾಗ್ಲಿಲ್ವಾ ನಿಮಗೆ?

ಗಾಜಿನ ಪ್ರಬಂಧ ಈ ನಡುವೆ ಎಲ್ಲಿತ್ತು? ಲೈಬ್ರರಿಯಲ್ಲಿ. ಅದನ್ನ ಹೊರಗೆ ತಂದದ್ದು ಹಡಗುಗಳು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ 2,700ಕ್ಕೂ ಹೆಚ್ಚು ಲಿಬರ್ಟಿ ಹಡಗುಗಳನ್ನ ರಿವೆಟ್ ಬಿಟ್ಟು ವೆಲ್ಡ್ ಮಾಡಿ ಕಟ್ಟಿತು. ಹಲವು ಹಡಗುಗಳಲ್ಲಿ ಬಿರುಕು ಬಂತು. 1943ರ ಜನವರಿಯಲ್ಲಿ ಸ್ಕೆನೆಕ್ಟಡಿ ಅನ್ನೋ ಹೊಸ ಟ್ಯಾಂಕರ್, ಬಂದರಿನಲ್ಲಿ ಸುಮ್ಮನೆ ನಿಂತಿದ್ದಾಗಲೇ ಎರಡು ಹೋಳಾಯ್ತು. ವೆಲ್ಡ್ ಆದ ಹಡಗು ಅಂದ್ರೆ ಒಂದೇ ಅಖಂಡ ತಗಡು, ಓಡೋ ಬಿರುಕಿಗೆ ನಡುವೆ ತಡೆಯೇ ಇಲ್ಲ. ಅಮೆರಿಕದ ನೌಕಾಪಡೆಯ ಲ್ಯಾಬ್‌ನಲ್ಲಿದ್ದ ಜಾರ್ಜ್ ಇರ್ವಿನ್ ಗ್ರಿಫಿತ್ ಪ್ರಬಂಧವನ್ನ ಎತ್ತಿಕೊಂಡು, ಲೋಹ ಬಗ್ಗೋದಕ್ಕೆ ಆಗೋ ಖರ್ಚನ್ನೂ ಸೇರಿಸಿ, ಫ್ರ್ಯಾಕ್ಚರ್ ಮೆಕ್ಯಾನಿಕ್ಸ್ ಅನ್ನೋ ಶಾಸ್ತ್ರ ಕಟ್ಟಿದರು. ಬಿರುಕು ಬೆಳೆದಾಗ ಬಿಡುಗಡೆಯಾಗೋ ಎನರ್ಜಿಗೆ ಜಿ ಅನ್ನೋ ಅಕ್ಷರ ಇಟ್ಟದ್ದು ಗ್ರಿಫಿತ್ ನೆನಪಿಗೆ.

ನೆನಪಿಡಿ ಅಂದಿದ್ದೆನಲ್ಲ, ಫಾರ್ನ್‌ಬರೋ. 1954ರಲ್ಲಿ ಕಾಮೆಟ್ ಅನ್ನೋ ಪ್ರಯಾಣಿಕರ ಜೆಟ್ ವಿಮಾನಗಳು ಎರಡು, ಮೂರು ತಿಂಗಳ ಅಂತರದಲ್ಲಿ ಆಕಾಶದಲ್ಲೇ ಸೀಳಿ ಸಮುದ್ರಕ್ಕೆ ಬಿದ್ದವು. ಕಾರಣ ಹುಡುಕೋಕೆ ಫಾರ್ನ್‌ಬರೋದಲ್ಲಿ ಇಡೀ ವಿಮಾನವನ್ನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗಿನ ಒತ್ತಡವನ್ನ ಮತ್ತೆ ಮತ್ತೆ ಏರಿಸಿ ಇಳಿಸಿದರು. ಕಿಟಕಿ ಮೂಲೆಯ ಹತ್ತಿರ ಹುಟ್ಟಿದ ಬಿರುಕು ಬೆಳೆದು ಗೋಡೆ ಸೀಳಿತು. ಮೂವತ್ತು ವರ್ಷಕ್ಕೂ ಹಿಂದೆ ಅದೇ ಸಂಸ್ಥೆಯಲ್ಲಿ ಒಬ್ಬ ಹುಡುಗ ಗೀರು ಬಿದ್ದ ಗಾಜಿನ ಬುರುಡೆಗಳನ್ನ ಒಳಗಿಂದ ಒತ್ತಿ ಒಡೀತಿದ್ದ. ಅವತ್ತು ಅದು ಆಟ.

ಗ್ರಿಫಿತ್ 1941ರಲ್ಲಿ ರಾಯಲ್ ಸೊಸೈಟಿ ಫೆಲೋ ಆದರು, 1960ರಲ್ಲಿ ರಿಟೈರ್ ಆದರು, 1963ರ ಅಕ್ಟೋಬರ್ 13ರಂದು ತೀರಿಕೊಂಡರು.

ಇಷ್ಟು ಓದ್ಕೊಂಡು ನಾನು ಹರಿಹರಕ್ಕೆ ಹೋದೆ. ಅಲ್ಲಿ ನಮ್ಮ ಅಜ್ಜ ಇದ್ದಾರೆ, ಲೇತ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಅವರಿಗೂ ಕೆಳಗಿನ ಎರಡು ದವಡೆ ಹಲ್ಲು ಹೋಗಿವೆ, ಇಂಪ್ಲಾಂಟ್ ಹಾಕಿಸೋ ಮಾತು ಮನೆಯಲ್ಲಿ ನಡೀತಿದೆ. ಅದಕ್ಕೇ ಅಕ್ಕನ ಬಿಲ್ಲೆಗಳ ಕತೆ ಅವರಿಗೆ ಬೇಕಿತ್ತು. ಒಂದೇ ಮಾಲು ಬೇರೆ ಬೇರೆ ಭಾರಕ್ಕೆ ಒಡೆದದ್ದು ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರು ಏರ್ ಕ್ರ್ಯಾಕ್ ಅಂದ್ರು. ಚಿಕ್ಕವನಿದ್ದಾಗಿಂದ ಆ ಮಾತು ಕೇಳಿ ನಾನು ಅದನ್ನ ಗಾಳಿಯ ಬಿರುಕು ಅಂದ್ಕೊಂಡಿದ್ದೆ. ಹೇರ್ ಕ್ರ್ಯಾಕ್, ಕೂದಲೆಳೆ ಬಿರುಕು ಅಂತ ಈಗ ಹೊಳೀತು. ಗ್ರೈಂಡಿಂಗ್ ವೀಲ್ ಮೆಷಿನ್‌ಗೆ ಹಾಕೋ ಮುಂಚೆ ಬೆರಳು ತೂರಿಸಿ ನೇತುಹಾಕಿ, ಸುತ್ತಿಗೆಯ ಮರದ ಹಿಡಿಯಿಂದ ತಟ್ಟಿ ಕೇಳ್ತಿದ್ರಂತೆ. ಠಣ್ ಅಂದ್ರೆ ಸರಿ, ಬದ್ ಅಂದ್ರೆ ಒಳಗೆ ಬಿರುಕು. ಸಂತೆಯಲ್ಲಿ ಅಜ್ಜಿ ಮಡಕೆ ತಟ್ಟಿ ನೋಡಿದ ಹಾಗೆ. ಗ್ರೈಂಡಿಂಗ್ ವೀಲ್ ಅಂದ್ರೆ ಅದೂ ಒಂದು ಸೆರಾಮಿಕ್ ಕಾಂಪೊಸಿಟ್ಟೇ ತಾನೆ.

ಅವತ್ತು ಸಂಜೆ ಹರಿಹರೇಶ್ವರ ಗುಡಿಗೆ ಹೋಗಿದ್ವಿ. ಹದಿಮೂರನೇ ಶತಮಾನದ ಹೊಯ್ಸಳರ ಕಟ್ಟಡ. ಆ ಕಂಬಗಳ ದುಂಡು ನೋಡಿ ಅಜ್ಜ ಪ್ರತಿ ಸಲವೂ ಲೇತ್ ಕೆಲಸದ ಬಗ್ಗೆ ಹೇಳ್ತಾರೆ. ನಾನು ಈ ಸಲ ಕಂಬ ಎಷ್ಟು ಹತ್ತಿರ ಹತ್ತಿರ ಇವೆ ಅಂತ ನೋಡ್ತಿದ್ದೆ. ಕಲ್ಲನ್ನ ಒತ್ತಿದರೆ ಒಳಗಿನ ಬಿರುಕು ಮುಚ್ಕೊಳ್ಳುತ್ತೆ, ಬಗ್ಗಿಸಿದರೆ ಕೆಳಗಿನ ಮುಖದಲ್ಲಿ ಬಾಯಿ ತೆರೆಯುತ್ತೆ. ಅದಕ್ಕೇ ಕಲ್ಲಿನ ತೊಲೆ ಉದ್ದ ಹಾಕೋಕೆ ಆಗಲ್ಲ, ಕಂಬ ಜಾಸ್ತಿ ಬೇಕು. ಅಕ್ಕನ ಬಿಲ್ಲೆಯೂ ಹಂಗೇ. ಪಿಸ್ಟನ್ ಮೇಲಿಂದ ಒತ್ತಿದಾಗ ಎಳೆತ ಬರೋದು ಕೆಳಗಿನ ಮುಖಕ್ಕೆ.

ವಾಪಸ್ ಬಂದು ಲೆಕ್ಕ ಹಾಕಿದೆ. ಇಂಥ ಸೆರಾಮಿಕ್‌ನ ಫ್ರ್ಯಾಕ್ಚರ್ ಟಫ್‌ನೆಸ್ 5 ಅಂತ ಇಟ್ಕೊಂಡ್ರೆ, 1,000 ಮೆಗಾಪಾಸ್ಕಲ್‌ಗೆ ಒಡೆಯೋ ಬಿಲ್ಲೆಯಲ್ಲಿ ಇರೋ ಬಿರುಕು ಸುಮಾರು 8 ಮೈಕ್ರಾನ್. 500ಕ್ಕೇ ಒಡೆಯೋದರಲ್ಲಿ ಸುಮಾರು 32 ಮೈಕ್ರಾನ್. ಎರಡೂ ತಲೆಗೂದಲಿಗಿಂತ ತೆಳು. ಜಿರ್ಕೋನಿಯಾ ಗಾಜಿಗಿಂತ ಎಷ್ಟೋ ಮೇಲು, ಯಾಕಂದ್ರೆ ಬಿರುಕಿನ ತುದಿ ಹತ್ತಿರ ಬಂದಾಗ ಅದರ ಹರಳುಗಳು ರೂಪ ಬದಲಿಸಿ ಸ್ವಲ್ಪ ಉಬ್ಬುತ್ತವೆ, ಬಿರುಕನ್ನ ಹಿಸುಕುತ್ತವೆ. ಆಸ್ಟ್ರೇಲಿಯಾದ ಮೂವರು ಇದನ್ನ 1975ರಲ್ಲಿ ತೋರಿಸಿದರು. ಗ್ರಿಫಿತ್ ಭಾಷೆಯಲ್ಲಿ ಹೇಳೋದಾದ್ರೆ ಬಿರುಕಿನ ಖರ್ಚು ಏರಿಸೋ ಉಪಾಯ. ಆದರೂ ಬಿರುಕಿನ ಲೆಕ್ಕದಿಂದ ಪೂರ್ತಿ ತಪ್ಪಿಸಿಕೊಳ್ಳೋಕೆ ಅದಕ್ಕೂ ಆಗಲ್ಲ. ಬಿಲ್ಲೆಗಳ ನಂಬರ್ ಚೆದುರಿದ್ದು ಮೆಷಿನ್ ತಪ್ಪಲ್ಲ, ಒಂದೊಂದರಲ್ಲಿ ಒಂದೊಂದು ಗಾತ್ರದ ಬಿರುಕು ಇದ್ದದ್ದರಿಂದ. ಆ ಚೆದುರುವಿಕೆಯನ್ನೇ ಅಳೆಯೋಕೆ ಸ್ವೀಡನ್‌ನ ವೈಬುಲ್ 1939ರಲ್ಲಿ ದಾರಿ ಮಾಡಿಕೊಟ್ಟಿದ್ದಾರೆ. ಕಡಿಮೆ ಬಂದ ರೀಡಿಂಗ್ ತೆಗೆದುಹಾಕಿದರೆ ಆ ಲೆಕ್ಕವೇ ಸುಳ್ಳಾಗುತ್ತೆ. ಯಾರದೋ ದವಡೆಯಲ್ಲಿ ಮೊದಲು ಮುರಿಯೋದು ಆವರೇಜ್ ಇಂಪ್ಲಾಂಟ್ ಅಲ್ಲ, ಆ ಕಡಿಮೆ ರೀಡಿಂಗ್‌ನದು.

ಅಕ್ಕ 30 ರೀಡಿಂಗ್‌ನೂ ಥೀಸಿಸ್‌ಗೆ ಹಾಕಿದಳು. ಅತಿ ಕಡಿಮೆಗೆ ಒಡೆದ ಬಿಲ್ಲೆಯ ಚೂರುಗಳನ್ನ ಜೋಡಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ, ಒಡಕು ಶುರುವಾಗಿದ್ದು ಕೆಳಗಿನ ಮುಖದ ಒಂದು ಗ್ರೈಂಡಿಂಗ್ ಗೀರಿನಿಂದ ಅಂತ ಕಂಡಿತು. ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಡಬ್ಬಿ ಬಿಲ್ಲೆ ತರ್ತಾಳಂತೆ, ಪಾಲಿಶ್ ಮಾಡಿದ ಮುಖ ಕೆಳಗೆ ಇಟ್ಟು ಒಡೆಯೋಕೆ. ಬರ್ಕೊಳ್ಳೋ ಕೆಲಸ ಮತ್ತೆ ನನ್ನದೇ. ಅಜ್ಜನ ಹಲ್ಲಿನ ವಿಷಯ ಅಲ್ಲೀವರೆಗೆ ನಿಂತಿದೆ.